ಮೂರು ತಿಂಗಳ ಸರ್ಟಿಫಿಕೇಟ್‌ಗೆ ಎಪಿಡೆಮಿಯಾಲಜಿಸ್ಟ್ ಕೆಲಸ ಸಿಗದು

ಬಿ.ಎಸ್ಸಿ. ಮೈಕ್ರೊಬಯಾಲಜಿ ಮುಗಿಸಿದ್ದೇನೆ. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ ಎಪಿಡೆಮಿಯಾಲಜಿಸ್ಟ್ (ರೋಗ ಯಾರಿಗೆ, ಎಲ್ಲಿ, ಏಕೆ ಹರಡುತ್ತಿದೆ ಎಂದು ಪತ್ತೆಹಚ್ಚುವವರು) ಆಗಬಹುದೇ?

ಆಗುವುದಿಲ್ಲ. ಆಗಬಹುದೆಂದು ಜಾಹೀರಾತು ಕೊಡುವವರು ನಿಮ್ಮ ದುಡ್ಡು ತಿನ್ನುತ್ತಿದ್ದಾರೆ, ಅಷ್ಟೆ. ನಿಮಗಿರುವ ದಾರಿ ಎರಡು ವರ್ಷದ ಎಂ.ಪಿ.ಎಚ್., ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ವೈದ್ಯರಿಗಾದರೆ ಮೂರು ವರ್ಷದ ಎಂ.ಡಿ. ಕಮ್ಯುನಿಟಿ ಮೆಡಿಸಿನ್ ಇದೆ. ಸರ್ಕಾರಿ ಸೇವೆಯಲ್ಲಿದ್ದರೆ ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯ ಕ್ಷೇತ್ರ ತರಬೇತಿಯೂ ಇದೆ. ಕಾಲೇಜು ಆರಿಸುವಾಗ ವಿದ್ಯಾರ್ಥಿಗಳನ್ನು ಎಷ್ಟು ತಿಂಗಳು ಹಳ್ಳಿಗೆ ಕಳಿಸುತ್ತಾರೆ ಎಂದು ಮೊದಲು ಕೇಳಿ. ಜಿಲ್ಲಾ ಮಟ್ಟದ ಹುದ್ದೆಗಳು ಬಹುತೇಕ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆಯವು. ಕೈಯಲ್ಲಿರುವ ಕಾಯಂ ಕೆಲಸ ಬಿಟ್ಟು ಅದಕ್ಕೆ ಹೋಗಬೇಡಿ.

ಹಳ್ಳಿಯಲ್ಲಿ ಕಲಿಯುವುದೇನು? ಮದುವೆ ಊಟಕ್ಕೆ 120 ಜನ ಕೂತಿದ್ದರು, 44 ಜನರಿಗೆ ಭೇದಿ ಎಂದಿಟ್ಟುಕೊಳ್ಳಿ. ಹೊಸಬರು ಕಾಯಿಲೆ ಬಿದ್ದವರನ್ನಷ್ಟೇ ವಿಚಾರಿಸುತ್ತಾರೆ: 40 ಜನ ಪಾಯಸ ತಿಂದಿದ್ದಾರೆ, 40 ಜನ ಕೋಸಂಬರಿಯನ್ನೂ ತಿಂದಿದ್ದಾರೆ. ಯಾವುದರ ಮೇಲೆ ಅನುಮಾನಪಡುತ್ತೀರಿ? ಆರೋಗ್ಯವಾಗಿರುವವರನ್ನೂ ಕೇಳಿ ನೋಡಿ. ಪಾಯಸ ತಿಂದ 80 ಜನರಲ್ಲಿ 40 ಮಂದಿಗೆ ಭೇದಿ, ಶೇ 50. ತಿನ್ನದ 40ರಲ್ಲಿ 4, ಶೇ 10. ಕೋಸಂಬರಿ ತಿಂದ 110ರಲ್ಲಿ 40, ಶೇ 36. ತಿನ್ನದ 10ರಲ್ಲಿ 4, ಶೇ 40. ಅನುಮಾನ ಪಾಯಸದ ಮೇಲೆ ಬರುತ್ತದೆ. ಛೇದ, ಅಂದರೆ ಒಟ್ಟು ಎಷ್ಟು ಜನರಲ್ಲಿ ಎಂಬುದು ಗೊತ್ತಿಲ್ಲದೆ ಬರೀ ರೋಗಿಗಳ ಸಂಖ್ಯೆ ಹಿಡಿದು ಮಾತಾಡುವವರನ್ನು ನಂಬಲೇಬೇಡಿ, ಅವರು ಟಿ.ವಿ.ಯಲ್ಲಿ ಕೂತಿದ್ದರೂ ಸರಿ.

ಎಣಿಸುವ ಮೊದಲೇ ಯಾರನ್ನು ರೋಗಿ ಎನ್ನುತ್ತೀರೆಂದು ಬರೆದಿಡಿ: ಊಟವಾದ 72 ಗಂಟೆಯೊಳಗೆ ಶುರುವಾಗಿ, ಒಂದು ದಿನದಲ್ಲಿ ಮೂರು ಅಥವಾ ಹೆಚ್ಚು ಬಾರಿ ನೀರುಭೇದಿ ಆದವರು, ಹೀಗೆ. ಪಟ್ಟಿಯಲ್ಲಿ ವಯಸ್ಸು, ಮನೆ, ಕುಡಿದ ನೀರು, ತಿಂದದ್ದು ಎಲ್ಲ ಇರಲಿ. ಭೇದಿ ಶುರುವಾದ ದಿನದ ಜೊತೆ ಗಂಟೆಯೂ ಇರಲಿ. ಆಸ್ಪತ್ರೆಗೆ ಬಂದ ದಿನಾಂಕ ಹಾಕಿ ಗ್ರಾಫ್ ಬರೆದರೆ ರೋಗ ಯಾವಾಗ ಏರಿತು ಎಂಬುದೇ ಕಾಣುವುದಿಲ್ಲ. ಮಲದ ಮಾದರಿಯನ್ನು ಆ್ಯಂಟಿಬಯಾಟಿಕ್ ಕೊಡುವ ಮುಂಚೆ ತೆಗೆಯಿರಿ. ಕೊಟ್ಟ ಮೇಲೆ ತೆಗೆದರೆ ಲ್ಯಾಬ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು.

ಯಾವ ಸಾಫ್ಟ್‌ವೇರ್ ಕಲಿಯಲಿ?

ಮೊದಲು ಎಕ್ಸೆಲ್‌ನಲ್ಲಿ ಒಂದು ಪಟ್ಟಿಯನ್ನು ತಪ್ಪಿಲ್ಲದೆ ತುಂಬಿ, ಆರ್ (R ಎಂಬ ಅಂಕಿಅಂಶ ಸಾಫ್ಟ್‌ವೇರ್) ಆಮೇಲೆ.

ಮಂಗನ ಕಾಯಿಲೆಗೆ ಕಷಾಯ ಕೊಡುವವರಿದ್ದಾರಂತೆ, ನಿಜವೇ?

ಕೊಡುವವರಿದ್ದರೂ ಅದರಿಂದ ವಾಸಿಯಾಗುವುದಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ವೈರಸ್ ಹರಡುವುದು ಉಣುಗಿನಿಂದ. ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಅದೇ ದಿನ ಅಲ್ಲಿಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ.