ಡಾಕ್ಟರ್ ಆಗಬೇಕೆನ್ನುವವರು ಪಿಯುಸಿಯಲ್ಲಿ ಗಣಿತ ತಗೊಳ್ಳಲೇಬೇಕಾ?

ತಗೊಳ್ಳಲೇಬೇಕು ಅಂತ ನಿಯಮವಿಲ್ಲ. ಎಂಬಿಬಿಎಸ್‌ಗೆ ಬೇಕಾದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಜೊತೆಗೆ ಇಂಗ್ಲಿಷ್. ಮೆಡಿಕಲ್ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಗಣಿತದ ಪ್ರಶ್ನೆಗಳೇ ಬೇರೆಯಾಗಿ ಇರುವುದಿಲ್ಲ. 720 ಅಂಕಗಳಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರದ್ದೇ.

ಆದರೂ ನನ್ನನ್ನು ಕೇಳಿದರೆ, ಗಣಿತ ಕಂಡರೆ ತೀರಾ ಭಯವಿಲ್ಲದವರು ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತಗೊಳ್ಳುವುದೇ ಒಳ್ಳೆಯದು. ಜೀವಶಾಸ್ತ್ರ ಚೆನ್ನಾಗಿ ಓದಿಕೊಂಡ ಮಕ್ಕಳೂ ಭೌತಶಾಸ್ತ್ರದಲ್ಲಿ ತಡವರಿಸುತ್ತಾರೆ. ಓರೆಯಾಗಿ ಎಸೆದ ಚೆಂಡು ಎಷ್ಟು ದೂರ ಬೀಳುತ್ತದೆ ಅಂತ ಹೇಳಲು ಸೈನ್, ಕಾಸ್ ಬೇಕು. ವೇಗದ ಗ್ರಾಫ್ ಕೊಟ್ಟು ದೂರ ಕೇಳಿದರೆ ಗೆರೆಯ ಕೆಳಗಿನ ವಿಸ್ತೀರ್ಣ ತೆಗೆಯಬೇಕು. ರಸಾಯನಶಾಸ್ತ್ರದಲ್ಲಿ ಪಿಎಚ್ ಲೆಕ್ಕಕ್ಕೆ ಲಾಗರಿದಮ್ ಬೇಕು. ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ, ಎಲ್ಲ ಕೈಯಲ್ಲೇ ಮಾಡಬೇಕು ಅಲ್ವಾ? ಗಣಿತದ ಕ್ಲಾಸಿನಲ್ಲಿ ಕೂತವರಿಗೆ ಇದು ರೂಢಿಯಾಗಿರುತ್ತದೆ. ಮೆಡಿಕಲ್ ಸೀಟು ಸಿಗದೇ ಹೋದರೆ ಸಿಇಟಿ ಬರೆದು ಇಂಜಿನಿಯರಿಂಗ್‌ಗೂ ಹೋಗಬಹುದು.

ಗಣಿತ ಅಂದರೆ ನಿದ್ದೆಯೇ ಬರುವುದಿಲ್ಲ ಎನ್ನುವವರನ್ನು ಮಾತ್ರ ಸುಮ್ನೆ ಬಲವಂತ ಮಾಡಬೇಡಿ. ಗಣಿತದ ಬದಲು ಬೇರೆ ವಿಷಯವಿರುವ ಕಾಂಬಿನೇಷನ್ ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ, ಫೀಸು ಕಟ್ಟುವ ಮೊದಲೇ ವಿಚಾರಿಸಿ. ತ್ರಿಕೋನಮಿತಿ, ಲಾಗರಿದಮ್ ಇವೆರಡನ್ನಾದರೂ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಕಲಿಸಿಬಿಡಿ.