‘ಏನಿಲ್ಲ ಬಿಡ್ರಿ’ ಅಂದರೆ ಎಷ್ಟು ಅಂಕ?

ಇಸುಬು ಇರುವವರ ಮನಸ್ಸಿನ ಸ್ಥಿತಿ ಕೇಳುವ ಫಾರ್ಮು ಕನ್ನಡಕ್ಕೆ ಬಂದ ಮೇಲೆ ಬಳ್ಳಾರಿಯಲ್ಲಿ ಮತ್ತೆ ಯಾಕೆ ಪರೀಕ್ಷೆ ಮಾಡಬೇಕು, ಅಲ್ಲೂ ಕನ್ನಡವೇ ಅಲ್ವಾ ಅಂತ ಕೇಳಿದ್ದೀರಿ. ಕನ್ನಡವೇ. ಆದರೆ ಇಲ್ಲಿ ಫಾರ್ಮನ್ನು ರೋಗಿಯೇ ಓದಿ ತುಂಬುವುದು ಕಡಿಮೆ. ಆಸ್ಪತ್ರೆಯಲ್ಲಿರುವ ನನ್ನಂಥವರು ಓದಿ ಹೇಳ್ತೀವಿ, ಮನೆಯವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ. ತೊಂದರೆ ಶುರುವಾಗೋದು ಅಲ್ಲಿಂದ.

ಊರಿನ ವಿಷಯ ಸ್ವಲ್ಪ ಹೇಳಬೇಕು. 1953ರಲ್ಲಿ ಹಳೇ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ನೆಂಟಸ್ತನ ಮಾತ್ರ ಹಂಚಿಕೆಯಾಗಲಿಲ್ಲ. ಆ ಕಡೆಯವರು ಇವತ್ತಿಗೂ ಆಸ್ಪತ್ರೆಗೆ ಈ ಕಡೆ ಬರ್ತಾರೆ. ಅತ್ತೆಗೆ ತೆಲುಗು, ಸೊಸೆಗೆ ಕನ್ನಡ, ಪಕ್ಕದ ಮನೆಯಲ್ಲಿ ದಖನಿ ಉರ್ದು, ತಾಂಡಾದವರಿಗೆ ಲಂಬಾಣಿ. ಅಂಗಡಿಯಲ್ಲಿ ಎಲ್ಲರೂ ಕನ್ನಡ ಮಾತಾಡ್ತಾರೆ. ಆದರೆ ರಾತ್ರಿಯೆಲ್ಲಾ ಕೆರಕೊಂಡು ಕೂತವರ ಸಂಕಟ ಅಂಗಡಿ ಕನ್ನಡದಲ್ಲಿ ಹೊರಗೆ ಬರಲ್ಲ.

ಡಿಎಲ್‌ಕ್ಯೂಐ ಅನ್ನೋ ಫಾರ್ಮನ್ನೇ ತಗೊಳ್ಳಿ. ಚರ್ಮದ ಕಾಯಿಲೆಯಿಂದ ದಿನದ ಬದುಕಿಗೆ ಎಷ್ಟು ತೊಂದರೆ ಅಂತ ಅಳೆಯೋಕೆ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ತಯಾರಾಗಿ 1994ರಲ್ಲಿ ಬಂದದ್ದು. ಕಳೆದ ಒಂದು ವಾರದ ಬಗ್ಗೆ 10 ಪ್ರಶ್ನೆ, ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 30. ಚರ್ಮದಿಂದಾಗಿ ನೀವು ಹಾಕುವ ಬಟ್ಟೆಯಲ್ಲಿ ಎಷ್ಟು ವ್ಯತ್ಯಾಸ ಆಗಿದೆ ಅಂತ ಒಂದು ಪ್ರಶ್ನೆ. ಏಪ್ರಿಲ್ ತಿಂಗಳು, ಹೊರಗೆ 40 ಡಿಗ್ರಿ ಮೇಲೆ. ಜೀನ್ಸ್ ಯೂನಿಟ್‌ನಲ್ಲಿ ದಾರ ಕತ್ತರಿಸುವ ಹೆಂಗಸೊಬ್ಬಳು ಮುಂಗೈ ತನಕ ತೋಳಿನ ರವಿಕೆ ಹಾಕಿ ಬಂದಿದ್ದಳು. ಪ್ರಶ್ನೆ ಓದಿದೆ. “ಏನಿಲ್ಲ ಬಿಡ್ರಿ, ಬಿಸಿಲು ಐತಲ್ಲ, ಅದಕ್ಕ ಹಾಕ್ಕೊಂಡೀನಿ” ಅಂದಳು. ಅತ್ತೆ ಹೌದೌದು ಅಂದರು. ಹೇಳಿದ್ದನ್ನೇ ಬರೆಯಬೇಕಲ್ಲ, 0 ಬರೆದೆ. ಅತ್ತೆ ಔಷಧಿ ಚೀಟಿ ಹಿಡಕೊಂಡು ಎದ್ದು ಹೋದರು. ಆಗ ತೋಳು ಮಡಚಿದಳು. ಮೊಣಕೈ ಒಳಗಿನ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ, ಕಪ್ಪಗಾಗಿ, ನಡುನಡುವೆ ಸೀಳು ಬಿಟ್ಟಿತ್ತು. ಬೆವರು ಇಳಿದರೆ ಉರಿ. “ಯೂನಿಟ್‌ನಾಗ ಯಾರೂ ಪಕ್ಕದಾಗ ಕೂರಲ್ರಿ” ಅಂದಳು. ಅದೇ ಪ್ರಶ್ನೆಗೆ ಆಗ ಬಂದ ಉತ್ತರ 3.

ಮದುವೆಗಿರುವ ಹುಡುಗಿಯಾದರೆ ಉತ್ತರ ಹೇಳೋದು ತಾಯಿ. ಇಸುಬು ಅಂಟುವ ರೋಗ ಅಲ್ಲ, ಆದರೆ ಅದನ್ನು ಊರಿಗೆ ಹೇಳೋರು ಯಾರು? ಗಂಡ ಹೆಂಡಿರ ಸಂಬಂಧದ ಪ್ರಶ್ನೆಯಂತೂ ಅತ್ತೆ ಎದುರು ಓದೋದೇ ದಂಡ.

ಆಟೋಟದ ಪ್ರಶ್ನೆ ಇನ್ನೊಂದು ತಮಾಷೆ. ಭತ್ತದ ಗದ್ದೆಯಲ್ಲಿ ಕೆಲಸ ಮಾಡುವ ಅರವತ್ತು ದಾಟಿದ ಅಜ್ಜಿಗೆ ಆಟ ಎಲ್ಲಿಂದ ಬರಬೇಕು? ‘ಅನ್ವಯಿಸುವುದಿಲ್ಲ’ ಅಂತ ಗುರುತು ಹಾಕ್ತೀವಿ. ಅದಕ್ಕೂ 0. ಹೀಗೆ ಎರಡು ಮೂರು ಕಡೆ ಬಂದರೆ ಅಜ್ಜಿ ಆರಾಮಾಗಿದ್ದಾಳೆ ಅಂತ ಲೆಕ್ಕ ಹೇಳುತ್ತೆ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರಲ್ಲಿ ಇದೇ ಉಲ್ಟಾ. ಎರಡು ವಾರದಿಂದ ನಿದ್ದೆ ಸರಿ ಇಲ್ವಾ, ಸುಸ್ತಾಗುತ್ತಾ ಅಂತ ಕೇಳ್ತಾರೆ. ಇಸುಬಿನವರಿಗೆ ತುರಿಕೆಯೇ ನಿದ್ದೆ ಕೆಡಿಸಿರುತ್ತೆ. ಅಂಕ ಏರುತ್ತೆ, ಅದು ಮನಸ್ಸಿನದಾ ಚರ್ಮದ್ದಾ ಗೊತ್ತಾಗಲ್ಲ. ಆತಂಕ, ಖಿನ್ನತೆ ಎರಡನ್ನೂ ಅಳೆಯುವ 1983ರ ಎಚ್‌ಎಡಿಎಸ್ ಫಾರ್ಮು ಮಾಡಿದವರು ಆಸ್ಪತ್ರೆಯ ರೋಗಿಗಳನ್ನು ನೋಡಿಯೇ ಇಂಥ ದೇಹದ ಲಕ್ಷಣಗಳನ್ನು ಬಿಟ್ಟಿದ್ದರು. ನನಗೆ ಅದು ಜಾಸ್ತಿ ಹಿಡಿಸುತ್ತೆ. ಅದರಲ್ಲೂ ಹೊಟ್ಟೆಯಲ್ಲಿ ಚಿಟ್ಟೆ ಹಾರುವ ಇಂಗ್ಲಿಷ್ ನುಡಿಗಟ್ಟು ಒಂದಿದೆ. ಹಾಗೇ ಓದಿದರೆ ಇಲ್ಲಿನವರು ಗ್ಯಾಸ್‌ ಗುಳಿಗೆ ಕೇಳ್ತಾರೆ.

ಫಾರ್ಮನ್ನು ಕನ್ನಡಕ್ಕೆ ತರುವ ಕ್ರಮ ನಿಮಗೆ ಗೊತ್ತೇ ಇದೆ. ಇಬ್ಬರು ಬೇರೆಬೇರೆಯಾಗಿ ಅನುವಾದ ಮಾಡಿ ಒಂದು ಪ್ರತಿಗೆ ಬರ್ತಾರೆ. ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸ್ತಾರೆ. ಇವೆರಡೂ ಬೆಂಗಳೂರಲ್ಲೇ ಆಗಲಿ, ತಕರಾರಿಲ್ಲ. ರೋಗಿಗಳ ಜೊತೆ ಕೂತು ‘ಇದರಿಂದ ನಿಮಗೇನು ತಿಳೀತು’ ಅಂತ ಕೇಳುವ ಹಂತ ಇದೆಯಲ್ಲ, ಅದನ್ನು ಮಾತ್ರ ಇಲ್ಲಿ ಮಾಡಿ. ಮನೆಯಲ್ಲಿ ತೆಲುಗು, ಉರ್ದು ಆಡುವವರನ್ನೂ ಸೇರಿಸಿಕೊಳ್ಳಿ. ‘ಕಳೆದ ಏಳು ದಿನ’ ಅನ್ನೋ ಬದಲು ‘ಹೋದ ಸಂತೆಯಿಂದ ಈ ಸಂತೆ ತನಕ’ ಅಂತ ಕೇಳಿ ನೋಡಿ, ಹಳ್ಳಿಯವರು ಥಟ್ಟನೆ ಹೇಳ್ತಾರೆ. ಬರುವಾಗ ನಿಮ್ಮ ಜೊತೆ ಇನ್ನೊಬ್ಬರನ್ನು ಕರೆತನ್ನಿ. ಅತ್ತೆಯವರನ್ನು ಮಾತಾಡಿಸುತ್ತಾ ಔಷಧಿ ಕೌಂಟರಿಗೆ ಕರಕೊಂಡು ಹೋಗೋಕೆ.