ತಂದೆಗೆ ಪಾರ್ಶ್ವವಾಯು, ಹಳ್ಳಿಯಲ್ಲಿ ತಾಯಿ ಒಬ್ಬರೇ: ಮೊದಲು ಯಾರನ್ನು ಹಿಡಿಯಬೇಕು?

ನಮಸ್ಕಾರ. ತಂದೆಗೆ 72, ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು, ಹಳ್ಳಿಯಲ್ಲಿ ತಾಯಿ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ, ಸರ್ಕಾರದಿಂದ ಮನೆ ಆರೈಕೆಗೆ ಏನಾದರೂ ಸಿಗುತ್ತದಾ ಎಂದು ಕೇಳಿದ್ದೀರಿ.

ದಿನವಿಡೀ ಇರುವ ಆಯಾ ಸಿಗುವುದಿಲ್ಲ, ಆ ಆಸೆ ಬಿಡಿ. ಆದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ವಿಕಲಚೇತನರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರಾ ಎಂದು ವಿಚಾರಿಸಿ. ನಮ್ಮೂರಲ್ಲಿ ಇದ್ದದ್ದೇ ನಮಗೆ ವರ್ಷಗಟ್ಟಲೆ ಗೊತ್ತಿರಲಿಲ್ಲ! ಅವರು ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿಕಲಚೇತನರದ್ದೂ ಹಿರಿಯ ನಾಗರಿಕರದ್ದೂ ಒಂದೇ ಇಲಾಖೆ, ಹಾಗಾಗಿ ಎರಡೂ ಕಡೆಯ ಅರ್ಜಿ ಅವರಿಗೆ ಗೊತ್ತಿರುತ್ತದೆ.

ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕುವ ಮುಂಚೆ ಡಾಕ್ಟರನ್ನು ಕೇಳಿ, ಪಾರ್ಶ್ವವಾಯು ಆದ ಕೂಡಲೇ ಅಂಗವೈಕಲ್ಯ ಅಳೆಯುವುದಿಲ್ಲ. ಅದು ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯಗಳ ದಾರಿಗಳು ತೆರೆಯುತ್ತವೆ. ವಾಕರ್, ಗಾಲಿ ಕುರ್ಚಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನೂ ಕೇಳಿ ನೋಡಿ, ಬಿಪಿಎಲ್ ಕಾರ್ಡ್ ಇದ್ದರೆ ಅನುಕೂಲ.

ಆಶಾ ಕಾರ್ಯಕರ್ತೆಗೆ ಇವತ್ತೇ ತಿಳಿಸಿ. ನಮ್ಮ ಅಜ್ಜನ ಬೆನ್ನ ಕೆಳಗೆ ಐದು ರೂಪಾಯಿ ನಾಣ್ಯದಷ್ಟು ಕೆಂಪಗಾಗಿದ್ದನ್ನು ಮೊದಲು ಕಂಡದ್ದು ಅವರೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಅಜ್ಜಿಗೆ ಹೇಳಿಕೊಟ್ಟರು. ಅದು ಮಲಗಿದಲ್ಲೇ ಆಗುವ ಹಾಸಿಗೆ ಹುಣ್ಣಿನ ಶುರು, ನಾವು ಸೆಕೆ ಬೊಕ್ಕೆ ಅಂದುಕೊಂಡಿದ್ದೆವು.

ಎಲ್ಲೂ ದಾರಿ ಕಾಣದಿದ್ದರೆ ಹಿರಿಯರ ಸಹಾಯವಾಣಿ 14567. ಯಾವ ಕಚೇರಿಗೆ ಹೋದರೂ ಡಿಸ್ಚಾರ್ಜ್ ಸಮರಿಯ ನಾಲ್ಕು ಜೆರಾಕ್ಸ್ ಜೊತೆಗಿರಲಿ.